ಬಟ್ಟೆ ಬೀರುವಿನಲ್ಲಿದ್ದ ಅಣ್ಣ

ಬೆಳಿಗ್ಗೆ ಏಳೂವರೆಗೆ ಮೂರನೇ ಮಹಡಿಯ ಮನೆಯ ಬಾಗಿಲನ್ನು ಯಾರೋ ತಟ್ಟಿದರು. ಅದು ತನ್ನದೇ ಬಾಗಿಲು ಎಂದು ಒಳಗಿದ್ದವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಮನೆಗೆ ಬಾಡಿಗೆಗೆ ಬಂದ ಮೇಲೆ ಅವನನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ. ಗ್ಯಾಸ್ ಸಿಲಿಂಡರಿನವನು ಬರುತ್ತಿದ್ದನಾದರೂ ಅವನು ಖಾಲಿ ಸಿಲಿಂಡರನ್ನು ಕೇಳಿಕೊಂಡು ಬರುತ್ತಿದ್ದ.

ಒಳಗಿದ್ದವನು ವೃತ್ತಿಯಿಂದ ಉದ್ಘೋಷಕ. ರೇಡಿಯೋ ಅಥವಾ ಟೀವಿ ಇರುವ ಪ್ರತಿ ಮನೆಯಲ್ಲೂ ಅವನ ದನಿ ದಿನಕ್ಕೆ ಹಲವು ಸಲ ಮೊಳಗುತ್ತಿತ್ತು ಎನ್ನುವುದು ನಿಜ. ಅದನ್ನು ಯಾರೂ ಕೇಳುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ. ಜಾಹೀರಾತಿನ ಕೊನೆಯಲ್ಲಿ, ನಟಿ ನಕ್ಕು ಮುಗಿಸಿದ ಮೇಲೆ, ಸಂಗೀತ ಇಳಿಯುವ ಹೊತ್ತಿಗೆ, ನಾಯಿ ಅಟ್ಟಿಸಿಕೊಂಡು ಬಂದವನಂತೆ ಒಂದು ದನಿ ಓಡಿಹೋಗುತ್ತದಲ್ಲ, ‘ಷರತ್ತುಗಳು ಅನ್ವಯಿಸುತ್ತವೆ, ಹೂಡಿಕೆಗೆ ಮುನ್ನ ಎಲ್ಲ ದಾಖಲೆಗಳನ್ನು ಗಮನವಿಟ್ಟು ಓದಿ’ ಎಂದು? ಅದು ಅವನು. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ‘ಷರತ್ತು’ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದವರು ‘ಷರತ್ತು ಸಾರ್’ ಎನ್ನುತ್ತಿದ್ದರು.

ಕೆಲಸಕ್ಕೆ ಸೇರಿದಾಗ ಅವನಿಗೆ ವಾರ್ತೆ ಓದುವ ಆಸೆಯಿತ್ತು. ಮೊದಲು ಕಾಣೆಯಾದವರ ಪ್ರಕಟಣೆ ಕೊಟ್ಟರು, ಆಮೇಲೆ ಹವಾಮಾನ. ಒಂದು ಸಂಜೆ ಕಾರ್ಯಕ್ರಮ ಮುಗಿಯಲು ಕೆಲವೇ ಕ್ಷಣ ಉಳಿದಿದ್ದಾಗ ಇಡೀ ಪುಟದ ಹವಾಮಾನವನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದ್ದು ಅವನಿಗೆ ಮುಳುವಾಯಿತು. ಇಷ್ಟು ಬೇಗ ಓದಬಲ್ಲವನನ್ನು ನಿಧಾನವಾಗಿ ಓದಿಸುವುದು ದಂಡ ಎಂದು ಮೇಲಿನವರಿಗೆ ಅನಿಸಿತು. ಅಂದಿನಿಂದ ಅವನು ಓಡುತ್ತಲೇ ಇದ್ದ. ಬರುಬರುತ್ತ ಆ ವೇಗ ಮನೆಮಾತಿಗೂ ಇಳಿಯಿತು. ‘ಊಟ ಆಯ್ತಾ?’ ಎಂದು ಯಾರಾದರೂ ಕೇಳಿದರೆ ಊಟದ ವಿವರ, ಹವೆ, ಕೇಳಿದವರ ಆರೋಗ್ಯ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದ. ಕೇಳಿದವರು ಏನೋ ಸದ್ದಾಯಿತಲ್ಲ ಎಂದು ಹಿಂದೆ ತಿರುಗಿ ನೋಡುತ್ತಿದ್ದರು.

ಹೀಗಿರುವಾಗ ಟೀವಿಯವರು ಆನೆಗಳ ಜೀವನದ ಮೇಲೊಂದು ಸರಣಿ ತಯಾರಿಸಿದರು. ವಿವರಣೆ ಓದಬೇಕಿದ್ದ ದೊಡ್ಡ ದನಿಯವರ ಗಂಟಲು ಕಟ್ಟಿತು. ಸ್ಟುಡಿಯೋ ಚುನಾವಣೆಯ ಜಾಹೀರಾತುಗಳಿಂದ ತುಂಬಿ ತುಳುಕುತ್ತಿತ್ತು. ನಿರ್ಮಾಪಕ ಕಾರಿಡಾರಿನಲ್ಲಿ ಕಣ್ಣಾಡಿಸಿದ. ಇವನೊಬ್ಬನೇ ಕಂಡ.

“ಷರತ್ತು, ನಿನ್ನ ಕೈಲಿ ಆಗತ್ತೇನಯ್ಯಾ?”

“ಆಗತ್ತೆಸಾರ್ಖಂಡಿತಾಆಗತ್ತೆ.”

“ಏನಂದೆ? ಸರಿ ಬಿಡು. ಮನೇಲೇ ಓದಿ ಕಳಿಸು.”

ಮನೆಯಲ್ಲಿ ಓದುವ ಉದ್ಘೋಷಕರಿಗೆ ಬಟ್ಟೆ ಬೀರುವಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಬಟ್ಟೆ ಸದ್ದನ್ನು ಕುಡಿಯುತ್ತದೆ. ಇವನ ಮಲಗುವ ಕೋಣೆಯ ಗೋಡೆಯೊಳಗೆ ಆಳೆತ್ತರದ ಒಂದು ಬೀರು ಇತ್ತು. ಅದರ ಇಕ್ಕೆಲಕ್ಕೂ ಬಾಗಿಲಿಗೂ ಕಂಬಳಿ ಹೊಡೆದು, ಒಳಗೊಂದು ಸ್ಟೂಲು ಹಾಕಿ, ಮೈಕು ನಿಲ್ಲಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತು ಬಾಗಿಲು ಎಳೆದುಕೊಂಡ. ಕತ್ತಲು. ಎದುರಿಗೆ ಯಾರೂ ಇಲ್ಲ. ಆಗ ಅವನ ಹೊಟ್ಟೆಯ ಆಳದಿಂದ ಒಂದು ದನಿ ಎದ್ದು ಬಂತು. ನಿಧಾನವಾದ, ತುಂಬಿದ, ಯಾವುದಕ್ಕೂ ಅವಸರವಿಲ್ಲದ ದನಿ. ಅಷ್ಟು ವರ್ಷ ಅದು ಎಲ್ಲಿತ್ತು ಎಂದು ಅವನಿಗೇ ಗೊತ್ತಾಗಲಿಲ್ಲ.

ಹೊರಗಿನ ಸದ್ದು ಒಳಗೆ ಬರದಂತೆ ನೋಡಿಕೊಳ್ಳುವುದು ಈ ವೃತ್ತಿಯ ಮೊದಲ ಪಾಠ. ಒಳಗಿನ ಸದ್ದು ಹೊರಗೆ ಹೋಗುವುದರ ಬಗ್ಗೆ ಪಾಠವೇ ಇಲ್ಲ. ಹೋಗಲಿ ಎಂದೇ ತಾನೆ ಓದುವುದು! ಹೀಗಾಗಿ ಬೀರುವಿನ ಹಿಂಬದಿ ಬರೀ ಪ್ಲೈವುಡ್ಡು ಎನ್ನುವುದನ್ನಾಗಲಿ, ಅದರ ಹಿಂದೆ ಕಟ್ಟಡದ ನೀರಿನ ಪೈಪುಗಳು ಇಳಿಯುವ ಓಣಿ ಇದೆ ಎನ್ನುವುದನ್ನಾಗಲಿ, ಆ ಓಣಿಗೆ ಪ್ರತಿ ಮನೆಯ ಬಚ್ಚಲಿನ ಕಿಟಕಿ ತೆರೆದುಕೊಳ್ಳುತ್ತದೆ ಎನ್ನುವುದನ್ನಾಗಲಿ ಅವನು ಯೋಚಿಸಲಿಲ್ಲ.

ಆ ಬೆಳಿಗ್ಗೆ ತಟ್ಟಿದ ಬಾಗಿಲಲ್ಲಿ ಕೆಳಮನೆಯ ಟೀಚರ್ ನಿಂತಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಈ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿದ್ದರು. ಅವರ ಪಾಲಿಗೆ ಅದು ಶಾಲೆಯೇ, ಹುಡುಗರಿಗೆ ವಯಸ್ಸಾಗಿತ್ತು ಅಷ್ಟೆ.

“ನಿಮ್ಮ ಮನೇಲಿ ಇರೋರು ಯಾರು?”

“ನಾನೇಮೇಡಂನಾನೊಬ್ಬನೇ.”

“ನಿಮ್ಮನ್ನ ಕೇಳ್ತಿಲ್ಲ. ಆ ಇನ್ನೊಬ್ರು. ನಮ್ಮ ಬಚ್ಚಲುಮನೇಲಿ ಒಂದು ವಾರದಿಂದ ಕೇಳಿಸ್ತಾ ಇದೆ. ಎಂಥಾ ದನಿ ರೀ! ಹಲ್ಲುಜ್ಜೋದು ಬಿಟ್ಟು ಬ್ರಷ್ ಹಿಡ್ಕೊಂಡು ನಿಂತಿದ್ದೆ. ಇವತ್ತು ಹೇಳ್ತಾ ಇದ್ರು, ಗುಂಪಿನಲ್ಲಿ ಹಿರಿಯ ಹೆಣ್ಣು ಮುಂದೆ ನಡೀತಾಳೆ, ಉಳಿದವರು ಮರುಮಾತಿಲ್ಲದೆ ಹಿಂದೆ ಹೋಗ್ತಾರೆ ಅಂತ. ಇಷ್ಟು ಸತ್ಯವಾದ ಮಾತು ಒಬ್ಬ ಗಂಡಸಿನ ಬಾಯಲ್ಲಿ ಬಂದಿದ್ದು ನನ್ನ ಜನ್ಮದಲ್ಲಿ ಕೇಳಿಲ್ಲ.”

ಅದು ಆನೆಗಳ ವಿಷಯ, ಆ ದನಿ ನನ್ನದು ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಟೀಚರ್ ನಕ್ಕರು.

“ನಿಮ್ಮದಲ್ಲ ಅಂತ ಗೊತ್ತು ಬಿಡಿ.”

ಕೆಟ್ಟ ನಗುವಲ್ಲ. ಆದರೆ ಆ ನಗು ಇರದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಒಬ್ಬಂಟಿ ಗಂಡಸು ಬೀರುವಿನಲ್ಲಿ ಕೂತು ಕತ್ತಲಿಗೆ ಆನೆಗಳ ಕಥೆ ಹೇಳುತ್ತಾನೆ ಎನ್ನುವುದು ಕೇಳಲು ಅಷ್ಟು ಚೆನ್ನಾಗಿರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಅದೂ ಅಲ್ಲದೆ, ಉತ್ತರ ಸಪ್ಪೆಯಾದರೆ ಟೀಚರ್ ಹೊರಟುಹೋಗುತ್ತಾರೆ. ಬಾಗಿಲು ತಟ್ಟಿದವರು ಅವರೊಬ್ಬರೇ.

“ನಮ್ಮಣ್ಣ,” ಎಂದ.

“ಹಾಗೆ ಹೇಳಿ ಮತ್ತೆ! ಸಂಜೆ ಬಂದು ಮಾತಾಡಿಸ್ತೀನಿ.”

“ಕಣ್ಣುಆಪರೇಷನ್ಆಗಿದೆಮೇಡಂಕತ್ತಲಲ್ಲೇಇರ್ಬೇಕು.”

“ನಿಧಾನ, ನಿಧಾನ. ಕಣ್ಣಿನ ಆಪರೇಷನ್ನಾ? ಪಾಪ. ನಾನೇನು ನೋಡೋಕೆ ಬರ್ತೀನಾ? ಕೇಳೋಕೆ ಬರ್ತೀನಿ. ಬಾಗಿಲಾಚೆ ಕೂತ್ಕೋತೀನಿ.”

ಸಂಜೆಗೆ ಮುಂಚೆಯೇ ಸುದ್ದಿ ಕಟ್ಟಡವನ್ನು ಹತ್ತಿ ಇಳಿಯಿತು. ಲಿಫ್ಟಿನಲ್ಲಿ ಅದುವರೆಗೆ ಮಹಡಿಯ ಅಂಕಿಯನ್ನೇ ದಿಟ್ಟಿಸುತ್ತಿದ್ದ ನಾಲ್ಕನೇ ಮಹಡಿಯ ಬ್ಯಾಂಕಿನವರು ಇವನ ಭುಜದ ಮೇಲೆ ಕೈಯಿಟ್ಟರು.

“ಅಣ್ಣ ಹೇಗಿದಾರೆ?”

“ಚೆನ್ನಾಗಿದಾರೆಸಾರ್.”

“ನೋಡ್ಕೊಳಿ. ಅಂಥವರು ಸಿಗೋದು ಕಷ್ಟ. ಮೊನ್ನೆ ನಾನು ಕೋಪದಲ್ಲಿ ಸ್ನಾನಕ್ಕೆ ಹೋದೆ. ಅವರ ಮಾತು ಕೇಳ್ತಾ ಕೇಳ್ತಾ ಸೋಪು ಹಚ್ಕೊಳ್ಳೋದೇ ಮರೆತುಬಿಟ್ಟೆ. ಹೊರಗೆ ಬಂದಾಗ ಕೋಪಾನೂ ಇರಲಿಲ್ಲ.”

ಲಿಫ್ಟಿನಲ್ಲಿ ಯಾರೋ ತನ್ನ ಭುಜ ಮುಟ್ಟಿದರು ಎಂಬ ಸಂತೋಷದಲ್ಲಿ ಅವನು ಮೂರನೇ ಮಹಡಿಯಲ್ಲಿ ಇಳಿಯುವುದನ್ನು ಮರೆತು ನಾಲ್ಕಕ್ಕೆ ಹೋಗಿ ವಾಪಸು ಬಂದ.

ಇನ್ನು ವ್ಯವಸ್ಥೆಯ ಪ್ರಶ್ನೆ. ಅಣ್ಣ ಮಾತಾಡುವಾಗ ಮನೆಯಲ್ಲಿ ತಮ್ಮನಿರುವಂತಿಲ್ಲ. ಮೊದಲು ಕೋಣೆಯ ಬಾಗಿಲ ಹಿಂದೆ ನಿಂತು ಮಾತಾಡಿ ನೋಡಿದ. ಷರತ್ತಿನ ದನಿಯೇ ಬಂತು. ಬೀರುವಿನೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಮಾತ್ರ ಅಣ್ಣ ಬರುತ್ತಿದ್ದ. ಆದ್ದರಿಂದ ಪ್ರತಿ ಸಂಜೆ ಅವನು ಮನೆಯ ಮುಂಬಾಗಿಲನ್ನು ಬರೀ ಮುಂದಕ್ಕೆಳೆದು, “ಸ್ಟುಡಿಯೋಗೆಹೋಗ್ತೀನಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಲಿಫ್ಟಿನಲ್ಲಿ ಇಳಿದು, ವಾಚ್‌ಮನ್‌ಗೆ ಮುಖ ತೋರಿಸಿ, ಕಟ್ಟಡವನ್ನು ಸುತ್ತಿ ಬಂದು, ಹಿಂದಿನ ಮೆಟ್ಟಿಲು ಹತ್ತಿ, ಅಡಿಗೆಮನೆಯ ಬಾಗಿಲಿನಿಂದ ಒಳನುಗ್ಗಿ ಬೀರು ಸೇರುತ್ತಿದ್ದ. ಬಂದವರು ಹಜಾರದಲ್ಲಿ ಕೂತು ‘ಅಣ್ಣ’ ಎಂದು ಕರೆಯುವ ಹೊತ್ತಿಗೆ ಅಣ್ಣ ಏದುಸಿರು ಬಿಡುತ್ತಿದ್ದ. ಕಣ್ಣಿನ ಜೊತೆಗೆ ಅಣ್ಣನಿಗೆ ಉಬ್ಬಸವೂ ಇದೆ ಎಂದು ಕಟ್ಟಡ ತೀರ್ಮಾನಿಸಿತು.

ಒಂದು ದಿನ ವಾಚ್‌ಮನ್ ಅವನನ್ನು ತಡೆದ.

“ಸಾರ್, ನೀವು ಹೊರಗೆ ಹೋಗೋದು ದಿನಾ ನೋಡ್ತೀನಿ. ಒಳಗೆ ಬರೋದು ಒಂದಿನಾನೂ ಕಂಡಿಲ್ಲ.”

“ನೀವುಆಗನಿದ್ದೆಮಾಡ್ತಿರ್ತೀರಿ.”

ಅವಸರದಲ್ಲಿ ಬಾಯಿಗೆ ಬಂದ ಮಾತು. ಆದರೆ ಅಷ್ಟು ವೇಗದಲ್ಲಿ ಹೇಳಿದ್ದರೂ ಈ ಒಂದು ವಾಕ್ಯ ವಾಚ್‌ಮನ್‌ಗೆ ಸ್ಪಷ್ಟವಾಗಿ ಕೇಳಿಸಿತು. ಅಂದೇ ಸಂಜೆ ಅವನು ಹಜಾರದಲ್ಲಿ ಕೈಕಟ್ಟಿ ನಿಂತು ಅಣ್ಣನಿಗೆ ದೂರು ಕೊಟ್ಟ. “ನಿಮ್ಮ ತಮ್ಮನವರು ನನ್ನ ಕೆಲಸಕ್ಕೆ ಕಲ್ಲು ಹಾಕ್ತಾ ಇದಾರೆ ಅಣ್ಣ. ನೀವೇ ಬುದ್ಧಿ ಹೇಳಬೇಕು.” ಹೇಳುತ್ತೇನೆ ಎಂದು ಅಣ್ಣ ಭರವಸೆ ಕೊಟ್ಟ.

ದೂರುಗಳು ಅಲ್ಲಿಗೇ ನಿಲ್ಲಲಿಲ್ಲ.

“ನಿಮ್ಮ ತಮ್ಮ ಒಳ್ಳೆಯವರೇ,” ಎಂದರು ಟೀಚರ್ ಒಂದು ಸಂಜೆ, ಬಿಸ್ಕತ್ತು ಮುರಿಯುತ್ತ. “ಆದ್ರೆ ಜನರ ಜೊತೆ ಬೆರೆಯೋದೇ ಇಲ್ಲ ನೋಡಿ.”

“ನೀವು ಒಮ್ಮೆ ಮಾತನಾಡಿಸಿ ನೋಡಿ,” ಎಂದ ಅಣ್ಣ.

“ಮಾತಾಡಿಸದೆ ಏನು? ಗುರ್‍ ಅಂತ ಏನೋ ಅಂದು ಓಡಿಹೋಗ್ತಾರೆ.”

“ಅವನು ಹೇಳುವುದರಲ್ಲೂ ಅರ್ಥ ಇರಬಹುದು.”

“ಇದೇ ಅಲ್ವಾ ದೊಡ್ಡತನ ಅಂದ್ರೆ!” ಎಂದರು ಬ್ಯಾಂಕಿನವರು ಟೀಚರ್ ಕಡೆ ತಿರುಗಿ. “ಒಂದು ಮಾತು ಬಿಟ್ಟುಕೊಡಲ್ಲ. ಒಡಹುಟ್ಟಿದವರು ಅಂದ್ರೆ ಹಾಗಿರಬೇಕು. ತಮ್ಮನಿಗೆ ಯೋಗ್ಯತೆ ಇಲ್ಲ, ಅದು ಬೇರೆ ವಿಷಯ.”

ಹಜಾರದಲ್ಲಿ ಎಲ್ಲರೂ ನಕ್ಕರು. ಆ ಮನೆಯ ಗೋಡೆಗಳು ಅಷ್ಟು ಜನರ ನಗು ಕೇಳಿದ್ದು ಅದೇ ಮೊದಲು. ಅವನು ಕೊಂಡು ತಂದ ಬಿಸ್ಕತ್ತು, ಅವನ ಕುರ್ಚಿಗಳು, ಅವನ ದೀಪದ ಬೆಳಕು. ಮನೆಯ ಯಜಮಾನ ಎರಡು ಬಾಗಿಲುಗಳಾಚೆ ಕಂಬಳಿಗಳ ನಡುವೆ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ.

ಒಂದು ಸಲ ಪ್ರಯತ್ನ ಮಾಡಿ ನೋಡಿದ. ಒಂದು ಸಂಜೆ ಸ್ಟುಡಿಯೋಗೆ ಹೋಗುವ ನಾಟಕ ಬಿಟ್ಟು, ಬೇರೆ ಅಂಗಿ ಹಾಕಿಕೊಂಡು, ತಟ್ಟೆಯಲ್ಲಿ ಬಿಸ್ಕತ್ತಿಟ್ಟು ಹಜಾರದಲ್ಲಿ ಕೂತ. ಟೀಚರ್ ಮತ್ತು ಬ್ಯಾಂಕಿನವರು ಬಂದರು. ನಿಧಾನವಾಗಿ ಮಾತಾಡಬೇಕೆಂದು ಬೆಳಗಿನಿಂದ ಅಭ್ಯಾಸ ಮಾಡಿದ್ದ.

“ಅಣ್ಣ ಮಲಗಿದ್ದಾನೆ. ನೀವು ಕೂತ್ಕೊಳ್ಳಿ.”

“ಓ, ಮಲಗಿದಾರಾ? ಛೆ, ಎಬ್ಬಿಸಬೇಡಿ,” ಎಂದರು ಟೀಚರ್ ಪಿಸುಮಾತಿನಲ್ಲಿ. “ನಾಳೆ ಬರ್ತೀವಿ.”

ಚಪ್ಪಲಿ ಸದ್ದು ಮಾಡದೆ ಇಬ್ಬರೂ ಇಳಿದುಹೋದರು. ಬಿಸ್ಕತ್ತನ್ನು ಅವನೇ ತಿಂದ.

ಮಾರನೆಯ ದಿನದಿಂದ ಮತ್ತೆ ಬೀರು. ಅಣ್ಣ ಇದ್ದಷ್ಟು ದಿನ ಮನೆಗೆ ಜನ ಬರುತ್ತಾರೆ, ಅಣ್ಣ ಇಲ್ಲವೆಂದು ಗೊತ್ತಾದ ದಿನ ಆ ಬಾಗಿಲನ್ನು ಮುಟ್ಟುವವನು ಸಿಲಿಂಡರಿನವನು ಮಾತ್ರ ಎನ್ನುವುದು ಅವನಿಗೆ ಖಚಿತವಾಯಿತು. ಉದ್ಘೋಷಕರು ಪತ್ರಕರ್ತರಂತಲ್ಲ; ಒಂದೇ ಮೂಲದಿಂದ ಬಂದ ಸುದ್ದಿಯನ್ನೂ ನಂಬುತ್ತಾರೆ.

ಕಟ್ಟಡದಲ್ಲಿ ಆಗ ಮೋಟರಿನ ಜಗಳ ನಡೆದಿತ್ತು. ನಾಲ್ಕನೇ ಮಹಡಿಗೆ ನೀರು ಏರುವುದಿಲ್ಲ ಎಂದು ಬ್ಯಾಂಕಿನವರು ದಿನವಿಡೀ ಮೋಟರು ಹಾಕಿಸುತ್ತಿದ್ದರು. ಮೋಟರು ಟೀಚರ ಕಿಟಕಿಯ ಕೆಳಗೇ ಇತ್ತು. ಅಧ್ಯಕ್ಷರಾಗಿದ್ದವರು ಇಬ್ಬರ ನಡುವೆ ಸಿಕ್ಕಿ ರಾಜೀನಾಮೆ ಕೊಟ್ಟಿದ್ದರು. ಜಗಳ ಅಣ್ಣನ ಮುಂದೆ ಬಂತು.

“ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮೋಟರು ಹಾಕಿದರೆ ಸಾಕು,” ಎಂದ ಅಣ್ಣ. “ನಾಲ್ಕನೇ ಮಹಡಿಯವರು ಒಂದು ಡ್ರಮ್ಮು ತುಂಬಿಸಿಟ್ಟುಕೊಳ್ಳಲಿ.”

ಟೀಚರ್ ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸಿಟ್ಟರು.

“ಎಷ್ಟು ಸರಳ!” ಎಂದರು ಬ್ಯಾಂಕಿನವರು. “ಇದು ನಮ್ಮ ಯಾರ ತಲೆಗೂ ಹೊಳೀಲಿಲ್ಲ.”

ಇದೇ ಮಾತನ್ನು ಇದೇ ಪದಗಳಲ್ಲಿ ಸಂಘದ ಹಿಂದಿನ ಸಭೆಯಲ್ಲಿ ಮೂರನೇ ಮಹಡಿಯ ಬಾಡಿಗೆದಾರ ಹೇಳಿದ್ದ. ಆಗ ಅಧ್ಯಕ್ಷರು ಫ್ಯಾನಿನ ಕಡೆ ನೋಡಿ, ಎಣ್ಣೆ ಬಿಡಿಸಬೇಕು ಎಂದಿದ್ದರು.

ಅಂದೇ ಟೀಚರ್ ನಿರ್ಣಯ ಮಂಡಿಸಿದರು. ಹೊಸ ಅಧ್ಯಕ್ಷರು ಅಣ್ಣ. ಕಣ್ಣಿನ ಪಟ್ಟಿ ಇಷ್ಟರಲ್ಲೇ ಬಿಚ್ಚಿರಬೇಕು, ಭಾನುವಾರ ಕೆಳಗಿನ ಅಂಗಳದಲ್ಲಿ ಸನ್ಮಾನ, ಎಲ್ಲರಿಗೂ ದರ್ಶನ. ಬೀರುವಿನೊಳಗಿನಿಂದ ‘ಬೇಡ’ ಎಂಬ ಗಂಭೀರ ದನಿ ಬಂತು. ಅದನ್ನು ವಿನಯ ಎಂದು ದಾಖಲಿಸಿಕೊಳ್ಳಲಾಯಿತು.

ಟೀಚರ್ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ. ಬಾಡಿಗೆಗೆ ಬರುವಾಗ ಅವನು ಕೊಟ್ಟಿದ್ದ ಅಕ್ಕನ ನಂಬರಿಗೆ ಫೋನ್ ಮಾಡಿದರು. ಅಕ್ಕ ಬೇರೆ ಊರಿನಲ್ಲಿ ಗಂಡನ ಜೊತೆ ಇದ್ದಳು. ತಮ್ಮ ಈ ಮನೆಗೆ ಬಂದ ಮೇಲೆ ಅವಳು ಒಮ್ಮೆಯೂ ಬಂದಿರಲಿಲ್ಲ. ಬಸ್ಸಿನಲ್ಲಿ ಅರ್ಧ ದಿನದ ದಾರಿ, ಬಂದರೂ ಏನು ಮಾತಾಡುವುದು ಎಂಬುದು ಅವಳ ವಾದ.

“ನಿಮ್ಮಣ್ಣನಿಗೆ ಭಾನುವಾರ ಸನ್ಮಾನ. ನೀವು ಬರಲೇಬೇಕು,” ಎಂದರು ಟೀಚರ್.

“ಯಾವ ಅಣ್ಣ?”

“ಎಷ್ಟು ಜನ ಇದಾರೆ ನಿಮಗೆ?”

“ಒಬ್ರೂ ಇಲ್ಲ.”

“ಹಾಗನ್ನಬಾರದಮ್ಮಾ,” ಎಂದರು ಟೀಚರ್ ಕನಿಕರದಿಂದ. “ಆಸ್ತಿ ಇವತ್ತು ಇರತ್ತೆ, ನಾಳೆ ಹೋಗತ್ತೆ.”

ಅಕ್ಕ ಫೋನ್ ಇಟ್ಟು ಗೋಡೆಯ ಮೇಲಿನ ಅಪ್ಪನ ಫೋಟೋವನ್ನು ಬಹಳ ಹೊತ್ತು ನೋಡಿದಳು. ಅಪ್ಪ ಕೋರ್ಟಿನಲ್ಲಿ ಕಕ್ಷಿದಾರರ ಹೆಸರು ಕೂಗುವ ಜವಾನರಾಗಿದ್ದರು. ಆಗಾಗ ಬೇರೆ ಊರಿನ ಕೋರ್ಟಿಗೂ ಹೋಗಿ ಬರುತ್ತಿದ್ದರು. ಆ ಬೇರೆ ಊರಿನ ವಿಷಯ ಅವಳ ತಲೆಯಲ್ಲಿ ಬೆಳೆಯತೊಡಗಿತು. ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿ, ಗಂಡನನ್ನು ಎಬ್ಬಿಸಿ, ಸಿಕ್ಕ ಬಸ್ಸು ಹತ್ತಿದಳು.

ಅವಳು ಬಂದಾಗ ಟೀಚರ್ ಮತ್ತು ಬ್ಯಾಂಕಿನವರು ಹಜಾರದಲ್ಲಿದ್ದರು. ಅಣ್ಣ ಬೀರುವಿನಲ್ಲಿದ್ದ. ಅಕ್ಕ ಚಪ್ಪಲಿಯನ್ನೂ ಬಿಡದೆ ನೇರವಾಗಿ ಕೋಣೆಯ ಬಾಗಿಲಿಗೆ ಮುಖ ಮಾಡಿ ನಿಂತಳು.

“ನೀವು ಯಾರು ಅಂತ ನಂಗೊತ್ತಿಲ್ಲ. ನಮ್ಮಪ್ಪನಿಗೆ ಇಬ್ಬರೇ ಮಕ್ಕಳು. ನಿಮ್ಮ ತಾಯಿ ಯಾರು? ಯಾವೂರು? ಮೊದಲು ಅದು ಹೇಳಿ.”

“ಸ್ವಲ್ಪ ಮೆಲ್ಲಗೆ ಅಮ್ಮಾ,” ಎಂದರು ಬ್ಯಾಂಕಿನವರು. “ಕಣ್ಣಿನ ಪೇಷೆಂಟು.”

“ಕಣ್ಣಿನ ಪೇಷೆಂಟಾದ್ರೆ ಕಿವಿಗೇನಾಗಿದೆ?”

“ಲೇ, ಮಾವ ಅಂಥವರಲ್ಲ ಬಿಡೇ,” ಎಂದರು ಅವಳ ಹಿಂದೆಯೇ ಬಂದ ಭಾವ.

“ನಮ್ಮಪ್ಪನ ವಿಷಯ ನಿಮಗೇನ್ರೀ ಗೊತ್ತು?”

“ಏನೂ ಗೊತ್ತಿಲ್ಲ. ಅದಕ್ಕೇ ಒಳ್ಳೆ ಮಾತು ಹೇಳ್ತಿದೀನಿ.”

ಆಗ ಒಳಗಿನಿಂದ ದನಿ ಬಂತು.

“ಕೂತ್ಕೋ ಪುಟ್ಟಕ್ಕ. ದೂರದಿಂದ ಬಂದಿದೀಯ. ಮೊದಲು ನೀರು ಕುಡಿ.”

ಅಕ್ಕ ಕೂತಳು. ಕುರ್ಚಿ ಇದೆಯೋ ಇಲ್ಲವೋ ನೋಡಲಿಲ್ಲ. ಇದ್ದದ್ದು ಪುಣ್ಯ. ಭಾವ ತೋಳು ಮುಂದೆ ಚಾಚಿ, ನಿಂತಿದ್ದ ರೋಮವನ್ನು ಟೀಚರಿಗೆ ತೋರಿಸಿದರು.

“ಥೇಟ್ ಮಾವನ ದನಿ! ಕೋರ್ಟಲ್ಲಿ ಕೂಗಿದ್ರೆ ಮೂರು ಬೀದಿ ಆಚೆ ಕಕ್ಷಿದಾರ ಎದ್ದು ನಿಲ್ತಿದ್ದ.”

ಪುಟ್ಟಕ್ಕ ಎಂದು ಕರೆಯುತ್ತಿದ್ದದ್ದು ಅಪ್ಪ ಒಬ್ಬರೇ. ಅದನ್ನು ಕೇಳಿಸಿಕೊಂಡು ಬೆಳೆದವನು ಭೂಮಿಯ ಮೇಲೆ ಇನ್ನೊಬ್ಬನೇ ಇದ್ದ. ಅಕ್ಕ ನೀರು ಕುಡಿದಳು. ಲೋಟ ಕೆಳಗಿಟ್ಟಳು.

“ನೀವೆಲ್ಲ ಸ್ವಲ್ಪ ಹೊರಗಿರಿ,” ಎಂದಳು. “ಇದು ಮನೆ ವಿಷಯ.”

ಎಲ್ಲರೂ ಹೋದ ಮೇಲೆ ಕೋಣೆಯ ಬಾಗಿಲು ತೆರೆದಳು. ಮಂಚ ಖಾಲಿ. ಬೀರುವಿನ ಬಾಗಿಲು ತೆರೆದಳು. ಕಂಬಳಿಗಳ ನಡುವೆ, ಎರಡು ಪ್ಯಾಂಟುಗಳ ಕೆಳಗೆ, ಹೆಡ್‌ಫೋನ್ ಹಾಕಿಕೊಂಡು ತಮ್ಮ ಕೂತಿದ್ದ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

“ಪಾಪಿ! ಇಡೀ ದಾರಿ ಬಸ್ಸಲ್ಲಿ ನಮ್ಮಪ್ಪನ್ನ ಬೈಕೊಂಡು ಬಂದೆನಲ್ಲೋ. ಎದ್ದು ಬಾ ಆಚೆ.”

“ಕಾಲುಜೋಮುಹಿಡಿದಿದೆಅಕ್ಕ.”

“ಯಾಕೋ ಹಿಂಗೆ ಮಾಡಿದೆ?”

“ಬಾಗಿಲುತಟ್ಟಿದ್ರುಯಾರೂತಟ್ತಿರ್ಲಿಲ್ಲಅದಕ್ಕೆ.”

“ಏನಂದೆ? ಒಂದಕ್ಷರ ತಿಳೀಲಿಲ್ಲ.”

ಅವನು ಮತ್ತೆ ಹೇಳಿದ. ಮತ್ತೂ ವೇಗವಾಯಿತು. ಅಕ್ಕ ಅವನನ್ನೇ ನೋಡುತ್ತ ನಿಂತಳು. ಆಮೇಲೆ ಬೀರುವಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಮಂಚದ ಅಂಚಿಗೆ ಕೂತಳು.

“ಈಗ ಹೇಳು.”

“ಬಾಗಿಲು ತಟ್ಟಿದರು,” ಎಂದಿತು ದನಿ. “ಯಾರೂ ತಟ್ಟುತ್ತಿರಲಿಲ್ಲ. ಅದಕ್ಕೆ.”

ಅಕ್ಕ ಆಗ ಚಪ್ಪಲಿ ಬಿಟ್ಟಳು.

“ಇನ್ನೂ ಸ್ವಲ್ಪ ಮಾತಾಡು.”

“ಏನು ಮಾತಾಡಲಿ?”

“ಏನಾದ್ರೂ.”

ಅವನಿಗೆ ಆ ಹೊತ್ತಿಗೆ ಬಾಯಿಪಾಠವಿದ್ದದ್ದು ಆನೆಗಳ ವಿಷಯವೊಂದೇ. ಅದನ್ನೇ ಹೇಳಿದ. ಗುಂಪಿನ ಆನೆ ಸತ್ತರೆ ಉಳಿದವು ಅದರ ಸುತ್ತ ಹೇಗೆ ನಿಲ್ಲುತ್ತವೆ, ವರ್ಷಗಳ ಮೇಲೆ ಆ ದಾರಿಯಲ್ಲಿ ಹೋಗುವಾಗ ಎಲುಬುಗಳನ್ನು ಸೊಂಡಿಲಿನಿಂದ ಹೇಗೆ ಮುಟ್ಟಿ ನೋಡುತ್ತವೆ ಎನ್ನುವ ಭಾಗ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಮೆಟ್ಟಿಲ ಬಳಿ ನಿಂತವರಿಗೆ ದನಿಯ ಏರಿಳಿತ ಮಾತ್ರ ಕೇಳಿಸುತ್ತಿತ್ತು.

“ಆಸ್ತಿ ಭಾಗ ಆಗ್ತಾ ಇದೆ ಅನ್ಸತ್ತೆ,” ಎಂದರು ಬ್ಯಾಂಕಿನವರು.

“ಎಷ್ಟು ಶಾಂತವಾಗಿ ಮಾಡ್ತಾ ಇದಾರೆ ನೋಡಿ,” ಎಂದರು ಟೀಚರ್.

ಅಕ್ಕ ಹೊರಗೆ ಬಂದು ಹೇಳಿದ್ದು ಇಷ್ಟು. ಅಣ್ಣನ ಗಂಟಲಿಗೂ ತೊಂದರೆಯಾಗಿದೆ. ಡಾಕ್ಟರು ಮಾತು ನಿಲ್ಲಿಸಬೇಕು ಎಂದಿದ್ದಾರೆ. ಅವರನ್ನು ತಮ್ಮೂರಿಗೆ ಕರೆದುಕೊಂಡು ಹೋಗುತ್ತಾಳೆ. ನಾಳೆ ಬೆಳಿಗ್ಗೆಯೇ ಪ್ರಯಾಣ. ಅಧ್ಯಕ್ಷ ಪದವಿಗೆ ಬೇರೆಯವರನ್ನು ನೋಡಿಕೊಳ್ಳಬೇಕು.

ಪ್ರಯಾಣಕ್ಕೆ ಒಬ್ಬ ಅಣ್ಣ ಬೇಕಿತ್ತು. ಭಾವ ಇದ್ದರು.

ಭಾವನಿಗೆ ಕಪ್ಪು ಕನ್ನಡಕ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಬೀರುವಿನ ಕಂಬಳಿಯೊಂದನ್ನು ಹೊದಿಸಲಾಯಿತು. ಭಾವ ನಸುಕಿನಲ್ಲೇ ಮೊದಲ ಬಸ್ಸಿಗೆ ಹೊರಟುಹೋದರು ಎಂದು ಅಕ್ಕ ಸಾರಿದಳು. ಭಾವನ ವಿಷಯದಲ್ಲಿ ಯಾರೂ ಸಾಕ್ಷಿ ಕೇಳಲಿಲ್ಲ. ಭಾವನ ಬಾಳಿನಲ್ಲಿ ಅದು ಹೊಸತೇನಲ್ಲ.

ಅಂಗಳದಲ್ಲಿ ಇಡೀ ಕಟ್ಟಡ ನಿಂತಿತ್ತು. ಅಕ್ಕ ಕೈಹಿಡಿದು ನಡೆಸಿದಳು. ಭಾವ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಯೆತ್ತುತ್ತ, ಅಗತ್ಯಕ್ಕಿಂತ ನಿಧಾನವಾಗಿ ನಡೆದರು.

“ಇಷ್ಟೇನಾ ಎತ್ತರ?” ಎಂದು ಟೀಚರ್ ಪಿಸುಗುಟ್ಟಿದರು. “ದನಿ ಕೇಳಿದ್ರೆ ಆರಡಿ ಅನ್ಸಿತ್ತು.”

“ಕಾಯಿಲೆ ಮನುಷ್ಯನನ್ನ ಕುಗ್ಗಿಸತ್ತೆ ಮೇಡಂ,” ಎಂದರು ಬ್ಯಾಂಕಿನವರು.

ವಾಚ್‌ಮನ್ ಟ್ಯಾಕ್ಸಿಯ ಬಾಗಿಲು ತೆಗೆದು ಅತ್ತ. ಟೀಚರ್ ಹೂಗುಚ್ಛ ಕೊಟ್ಟರು. ಭಾವನಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಎದೆ ತುಂಬಿ, ಎರಡು ಮಾತಾಡಿಯೇ ಬಿಡೋಣ ಎಂದು ಬಾಯಿ ತೆರೆದರು. ಅಕ್ಕ ಅವರ ಕಾಲು ತುಳಿದಳು. ‘ಹಾ’ ಎಂಬ ಒಂದೇ ಅಕ್ಷರ ಕೀರಲಾಗಿ ಹೊರಬಿತ್ತು.

“ದನಿ ಪೂರ್ತಿ ಹೋಗಿಬಿಟ್ಟಿದೆ,” ಎಂದು ಟೀಚರ್ ಕಣ್ಣೀರಿಟ್ಟರು.

ಟ್ಯಾಕ್ಸಿ ತಿರುವಿನಲ್ಲಿ ಮರೆಯಾಯಿತು. ಎಲ್ಲರೂ ಇತ್ತ ತಿರುಗಿದರು. ಗೇಟಿನ ಪಕ್ಕದಲ್ಲಿ ತಮ್ಮ ನಿಂತಿದ್ದ.

“ಇನ್ನು ನಿಮಗೆ ಮನೆ ಬಿಕೋ ಅನ್ಸತ್ತೆ,” ಎಂದರು ಬ್ಯಾಂಕಿನವರು.

“ಹೌದುಸಾರ್,” ಎಂದ.

ಬ್ಯಾಂಕಿನವರು ಅವನ ಭುಜ ತಟ್ಟಿ ಲಿಫ್ಟಿಗೆ ಹೋದರು.

ಮರುದಿನ ಟೀಚರ್ ಬಾಗಿಲಿಗೆ ಬಂದು ಅಣ್ಣ ಸುಖವಾಗಿ ತಲುಪಿದರೇ ಎಂದು ವಿಚಾರಿಸಿದರು. ಅದರ ಮುಂದಿನ ವಾರ ಮೆಟ್ಟಿಲ ಮೇಲೆ ವಿಚಾರಿಸಿದರು. ಆಮೇಲೆ ದೂರದಿಂದಲೇ ತಲೆ ಆಡಿಸಿದರು. ಬ್ಯಾಂಕಿನವರು ಲಿಫ್ಟಿನಲ್ಲಿ ಮತ್ತೆ ಅಂಕಿಗಳನ್ನು ನೋಡತೊಡಗಿದರು. ಮೋಟರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಓಡುತ್ತಿತ್ತು.

ಆನೆಗಳ ಸರಣಿ ಅರ್ಧ ಉಳಿದಿತ್ತು. ಚುನಾವಣೆ ಮುಗಿದು ಸ್ಟುಡಿಯೋ ಖಾಲಿಯಾಗಿದ್ದರಿಂದ ನಿರ್ಮಾಪಕ ಅಲ್ಲಿಗೇ ಕರೆಸಿದ. ಗಾಜಿನಾಚೆ ನಾಲ್ಕು ಜನ ಕೂತು ಅವನ ಮುಖ ನೋಡುತ್ತಿದ್ದರು. ಕೆಂಪು ದೀಪ ಹತ್ತಿತು.

“ಷರತ್ತು, ನಿಧಾನ,” ಎಂದು ನಿರ್ಮಾಪಕನ ದನಿ ಕಿವಿಯಲ್ಲಿ ಕೇಳಿಸಿತು. “ಆನೆ ನಿಂತಿದೆ ಕಣಯ್ಯಾ. ನೀನ್ಯಾಕೆ ಓಡ್ತಿದೀಯ?”

ಮೂರು ಸಲ ನೋಡಿ, ಉಳಿದ ಭಾಗವನ್ನು ದೊಡ್ಡ ದನಿಯವರಿಗೇ ಕೊಟ್ಟರು. ಅವರ ಗಂಟಲು ಅಷ್ಟರಲ್ಲಿ ಸರಿಹೋಗಿತ್ತು.

ಸರಣಿ ಪ್ರಸಾರವಾದ ಮೊದಲ ಸಂಜೆ ಕೆಳಮನೆಯಿಂದ ಟೀಚರ ಕೂಗು ಕೇಳಿಸಿತು. ಮೆಟ್ಟಿಲಲ್ಲಿ ಜನ ಓಡಾಡಿದರು. ಬಾಗಿಲುಗಳು ತೆರೆದುಕೊಂಡವು. ಸ್ವಲ್ಪ ಹೊತ್ತಿನಲ್ಲಿ ಟೀಚರ್ ಏದುಸಿರು ಬಿಡುತ್ತ ಮೂರನೇ ಮಹಡಿಗೆ ಬಂದರು.

“ಟೀವಿ ಹಾಕಿ, ಟೀವಿ ಹಾಕಿ! ಅಣ್ಣ ಬರ್ತಿದಾರೆ. ಹಿರಿಯ ಹೆಣ್ಣು ಮುಂದೆ ನಡೀತಾಳೆ ಅಂತ ಅದೇ ಮಾತು ಹೇಳಿದ್ರು. ದನಿ ವಾಪಸು ಬಂದಿದೆ! ನನಗೆ ಗೊತ್ತಿತ್ತು, ಅಂಥವರನ್ನ ಟೀವಿಯವರು ಬಿಡಲ್ಲ ಅಂತ. ಪಾಪ, ಆನೆ ವಿಷಯ ಓದಿಸ್ತಿದಾರೆ ನೋಡಿ ಅಂಥ ದೊಡ್ಡ ಮನುಷ್ಯರ ಕೈಲಿ. ನೀವು ಯಾಕೆ ಹೇಳಲೇ ಇಲ್ಲ?”

“ಮರೆತೆಮೇಡಂ.”

“ಸ್ವಂತ ಅಣ್ಣನ ವಿಷಯ ಮರೀತಾರೇನ್ರೀ?” ಎಂದು ಗದರಿ, ಮುಂದಿನ ಮಾತು ತಪ್ಪಿಹೋಗುತ್ತದೆಂದು ಅವರು ಕೆಳಗೆ ಓಡಿದರು. ಅವನು ಟೀವಿ ಹಾಕಿ ಒಬ್ಬನೇ ಕೂತು ನೋಡಿದ. ಚೆನ್ನಾಗಿತ್ತು. ನಡುವೆ ಜಾಹೀರಾತು ಬಂತು. ಅದರ ಕೊನೆಯಲ್ಲೂ ಅವನೇ ಇದ್ದ.

ಭಾನುವಾರ ಅಕ್ಕ ಫೋನ್ ಮಾಡಿದಳು. ಅವಳು ತಾನಾಗಿ ಫೋನ್ ಮಾಡಿ ವರ್ಷಗಳಾಗಿದ್ದವು. ಭಾವ ಆ ಕಪ್ಪು ಕನ್ನಡಕವನ್ನು ಮನೆಯೊಳಗೂ ತೆಗೆಯುತ್ತಿಲ್ಲ ಎಂದಳು. ಅಪ್ಪನ ಫೋಟೋವನ್ನು ಇತ್ತ ತಿರುಗಿಸಿದ್ದಾಗಿದೆ ಎಂದಳು. ಊಟ ಆಯಿತೇ ಎಂದು ಕೇಳಿದಳು.

“ಆಯ್ತುಅಕ್ಕಅನ್ನಸಾರುಮಾಡಿದ್ದೆನಿಂದುಹೇಗಿದೆಕಾಲುನೋವುಕಡಿಮೆಆಯ್ತಾ?”

“ಹ್ಞೂಂ, ಹ್ಞೂಂ,” ಎಂದಳು ಅಕ್ಕ. ಸ್ವಲ್ಪ ತಡೆದು, “ಸರಿ, ಅಣ್ಣನಿಗೆ ಕೊಡು,” ಎಂದಳು.

ಅವನು ಒಂದು ನಿಮಿಷ ಎಂದು ಫೋನನ್ನು ಸ್ಟೂಲಿನ ಮೇಲಿಟ್ಟ. ಪೈಪಿನ ಓಣಿಗೆ ದನಿ ಹೋಗದಂತೆ ಮಂಚದ ಹಾಸಿಗೆಯನ್ನು ಎಳೆದು ತಂದು ಬೀರುವಿನ ಹಿಂಬದಿಯ ಪ್ಲೈವುಡ್ಡಿಗೆ ಒತ್ತಿ ನಿಲ್ಲಿಸಿದ. ಫೋನ್ ಎತ್ತಿಕೊಂಡು ಒಳಗೆ ಕೂತು ಬಾಗಿಲು ಹಾಕಿಕೊಂಡ.